ಮಹಾವ್ಯಾಧನ ಕತ್ತಿಯಲ್ಲೊಂದು ಮಸುಕು ಚಿಕ್ಕಿ: ಹೊಳೆಮಣ್ಣೂರಿನ ಹೊಲದಿಂದ ಮೊದಲ ನೀಹಾರಿಕೆ ಚಿತ್ರಕ್ಕೆ 17 ಸೂತ್ರಗಳು

ಹೊಳೆಮಣ್ಣೂರ ಮಲಪ್ರಭೆಯ ದಂಡೆಯ ಊರು. ಡಿಸೆಂಬರಿನ ಮೋಡವಿಲ್ಲದ ರಾತ್ರಿ ಊರ ದೀಪಗಳನ್ನು ದಾಟಿ ಎರಿ ಹೊಲಕ್ಕೆ ಇಳಿದು ತಲೆ ಎತ್ತಿದರೆ, ಸಾಲಾಗಿ ನಿಂತ ಮೂರು ಚಿಕ್ಕಿ ಕಾಣುತ್ತವೆ. ಅದು ಮಹಾವ್ಯಾಧನ, ಅಂದರೆ ಓರಿಯನ್ನಿನ, ನಡುಪಟ್ಟಿ. ಅದರ ಕೆಳಗೆ ತೂಗುವ ಕತ್ತಿಯ ನಡುವಿನ ಚಿಕ್ಕಿ ಮಾತ್ರ ಮಸುಕು ಮಸುಕು. ಅದೇ ಓರಿಯನ್ ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲ ಮತ್ತು ಧೂಳಿನ ಮೋಡ. ಬೆಂಗಳೂರಿನ ಹವ್ಯಾಸಿಗಳು ದುಬಾರಿ ದೂರದರ್ಶಕ ಕಾರಿನಲ್ಲಿಟ್ಟುಕೊಂಡು ಇಂಥ ಕತ್ತಲನ್ನು ಹುಡುಕಿ ಊರು ಬಿಟ್ಟು ಬಹುದೂರ ಹೋಗುತ್ತಾರೆ. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳ ಹುಡುಗ ಹುಡುಗಿಯರಿಗೆ ಅದು ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಮದುವೆ, ಸೀಮಂತದ ಫೋಟೊಗೆಂದು ಕೊಂಡ ಹಳೆಯ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಗಟ್ಟಿ ಟ್ರೈಪಾಡ್, ಒಂದು ಲ್ಯಾಪ್‌ಟಾಪ್ ಇದ್ದರೆ ಮೊದಲ ಚಿತ್ರಕ್ಕೆ ಸಾಕು. ದೂರದರ್ಶಕ ಕೊಳ್ಳುವವರೆಗೆ ಕಾಯುತ್ತ ಕೂತವರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

1. ಗುರಿ ಒಂದೇ ಇರಲಿ

ಪುಸ್ತಕದಲ್ಲಿ ಕುದುರೆತಲೆ ನೀಹಾರಿಕೆಯ ಚಿತ್ರ ನೋಡಿದವರೆಲ್ಲ ಅದನ್ನೇ ಮೊದಲು ಹಿಡಿಯಬೇಕೆನ್ನುತ್ತಾರೆ. ಅದು ತೀರ ಮಂದ, ತೀರ ಚಿಕ್ಕದು. ಅದನ್ನು ಬಿಡಿ. ಓರಿಯನ್ ನೀಹಾರಿಕೆ, ಅಂದರೆ ಮೆಸ್ಸಿಯೆ ಪಟ್ಟಿಯ ಎಂ 42, ಬರಿಗಣ್ಣಿಗೆ ಸಿಗುವಷ್ಟು ಪ್ರಕಾಶವುಳ್ಳದ್ದು. ಅದರ ಹರವು ಒಂದು ಡಿಗ್ರಿಗೂ ಮಿಕ್ಕಿ, ಹುಣ್ಣಿಮೆ ಚಂದ್ರನ ಎರಡು ಪಟ್ಟು. ನಮ್ಮ ಭಾಗದ ಅಕ್ಷಾಂಶ ಸುಮಾರು 16 ಡಿಗ್ರಿ ಉತ್ತರ. ಹೀಗಾಗಿ ಎಂ 42 ಇಲ್ಲಿ ನೆತ್ತಿಯ ಹತ್ತಿರ, ಸುಮಾರು 69 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನವರಿಗೆ ಅದು 33 ಡಿಗ್ರಿಯ ಆಚೀಚೆಯಷ್ಟೇ. ಎತ್ತರ ಹೆಚ್ಚಿದಷ್ಟೂ ಬೆಳಕು ದಾಟಿ ಬರಬೇಕಾದ ಗಾಳಿ ಮತ್ತು ಧೂಳು ಕಡಿಮೆ. ಒಂದು ಇಡೀ ಚಳಿಗಾಲ ಇದೊಂದನ್ನೇ ತೆಗೆಯಿರಿ.

2. ರಾತ್ರಿಯನ್ನು ಗೋಡೆಯ ಕ್ಯಾಲೆಂಡರ್ ನೋಡಿ ಆರಿಸಿ

ಆ್ಯಪ್ ಬೇಕಿಲ್ಲ, ತಿಥಿ ಸಾಕು. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಕೃಷ್ಣ ಪಕ್ಷದ ಅಷ್ಟಮಿಗೆ ಚಂದ್ರೋದಯ ನಡುರಾತ್ರಿಯ ಹೊತ್ತಿಗೆ. ಆದ್ದರಿಂದ ಬಹುಳ ದಶಮಿಯಿಂದ ಮುಂದಿನ ಶುದ್ಧ ಚೌತಿಯವರೆಗಿನ ರಾತ್ರಿಗಳು ನಿಮ್ಮವು. ಚಂದ್ರನಿದ್ದ ರಾತ್ರಿ ಆಕಾಶವೇ ಬೆಳ್ಳಗಾಗಿ ನೀಹಾರಿಕೆಯ ಅಂಚುಗಳು ಮುಳುಗಿಹೋಗುತ್ತವೆ. ಅಂಥ ರಾತ್ರಿಯನ್ನು ಫೋಕಸ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ತಿಂಗಳ ಲೆಕ್ಕವನ್ನು ನಮ್ಮ ಒಕ್ಕಲುತನವೇ ಕಲಿಸಿದೆ. ಜೂನ್‌ನಲ್ಲಿ ಮೃಗಶಿರಾ ಮಳೆ, ಅದರ ಬೆನ್ನಿಗೆ ಆರಿದ್ರಾ ಮಳೆ ಎನ್ನುತ್ತೇವೆ. ಸೂರ್ಯ ಆಗ ಆ ನಕ್ಷತ್ರಗಳ ಕಡೆ ಇರುತ್ತಾನೆ ಎಂದು ಅದರ ಅರ್ಥ. ಮೃಗಶಿರಾ ಮಹಾವ್ಯಾಧನ ತಲೆ, ಆರಿದ್ರಾ ಅವನ ಭುಜ. ಮುಂಗಾರಿನಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುವ ಈ ಚಿಕ್ಕಿಗಳು ಆರು ತಿಂಗಳ ಮೇಲೆ, ಹಿಂಗಾರಿ ಜೋಳ ಕಡಲೆ ಹೊಲದಲ್ಲಿ ನಿಂತಾಗ, ಸೂರ್ಯನ ಎದುರಿಗೆ ಬಂದು ರಾತ್ರಿಯಿಡೀ ಮೇಲಿರುತ್ತವೆ. ಡಿಸೆಂಬರ್ ನಡುವೆ ಎಂ 42 ಅತಿ ಎತ್ತರಕ್ಕೆ ಬರುವುದು ರಾತ್ರಿ ಹನ್ನೆರಡೂವರೆಗೆ, ಜನವರಿ ನಡುವೆ ಹತ್ತೂವರೆಗೆ, ಫೆಬ್ರುವರಿ ನಡುವೆ ಎಂಟೂವರೆಗೆ.

ಇಡೀ ವರ್ಷದಲ್ಲಿ ಒಂದೇ ರಾತ್ರಿ ಆರಿಸು ಎಂದರೆ ನಾನು ಎಳ್ಳ ಅಮಾವಾಸ್ಯೆಯನ್ನು ಹೇಳುತ್ತೇನೆ. ಡಿಸೆಂಬರ್ ಅಥವಾ ಜನವರಿ, ಚಂದ್ರ ಇಲ್ಲವೇ ಇಲ್ಲ, ಮನೆಮಂದಿಯೆಲ್ಲ ಹಗಲೇ ಹೊಲದಲ್ಲಿ ಇರುತ್ತೀರಿ. ಚರಗ ಚೆಲ್ಲಿ ಉಂಡು ಎಲ್ಲರೂ ಚಕ್ಕಡಿ ಹತ್ತಿದ ಮೇಲೆ ಇಬ್ಬರು ಅಲ್ಲೇ ಉಳಿದರಾಯಿತು. ಬೆಳಕಿದ್ದಾಗಲೇ ಜಾಗ ಗೊತ್ತುಮಾಡಿಕೊಂಡಂತೆಯೂ ಆಗುತ್ತದೆ.

3. ಜಾಗ: ದೀಪ, ಹೊಳೆ, ಗಾಳಿಕಂಬ ಮೂರರಿಂದಲೂ ದೂರ

ಎಲ್‌ಇಡಿ ಬೀದಿದೀಪ ಲೆನ್ಸಿಗೆ ನೇರವಾಗಿ ಬಡಿಯದ ಕಡೆ ನಿಲ್ಲಿ. ಹೊಳೆಯ ದಂಡೆ ನೋಡಲು ಚಂದ, ಆದರೆ ಚಳಿಗಾಲದಲ್ಲಿ ಬೆಳಗಿನ ಜಾವಕ್ಕೆ ನೀರಿನ ಮೇಲೆ ಮಂಜು ಕಟ್ಟುತ್ತದೆ. ಅರ್ಧ ಮೈಲಿ ಮೇಲಕ್ಕೆ ಸರಿಯಿರಿ. ಗಜೇಂದ್ರಗಡದ ಗುಡ್ಡಗಳ ಕಡೆಯವರು ಗಾಳಿವಿದ್ಯುತ್ ಕಂಬಗಳ ಕೆಂಪು ದೀಪ ಬೆನ್ನ ಹಿಂದೆ ಬರುವಂತೆ ನೋಡಿಕೊಳ್ಳಬೇಕು. ಗದಗದ ಬೆಳಕು ನಮಗೆ ದಕ್ಷಿಣದ ಅಂಚಿನಲ್ಲಿ ಹಬ್ಬಿರುತ್ತದೆ, ಬಾದಾಮಿಯದು ಉತ್ತರಕ್ಕೆ. ನೆತ್ತಿಯ ಹತ್ತಿರ ಇರುವ ಎಂ 42ಕ್ಕೆ ಇವು ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಹೊಲದವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ರಾತ್ರಿ ಜಿಂಕೆ, ಹಂದಿ ಕಾಯಲು ಮಲಗಿದವರಿರುತ್ತಾರೆ. ಕತ್ತಲಲ್ಲಿ ಓಡಾಡುವ ಅಪರಿಚಿತ ನೆರಳು ಅವರಿಗೆ ಗಾಬರಿ. ಬೆಳೆ ತುಳಿಯದೆ ಒಡ್ಡಿನ ಮೇಲೆ ನಿಲ್ಲಿ. ಎರಿ ನೆಲದ ಬಿರುಕಿನಲ್ಲಿ ಹಾವು ಚೇಳು ಇರುತ್ತವೆ, ಬೂಟು ಕಡ್ಡಾಯ. ಒಬ್ಬರೇ ಹೋಗಬೇಡಿ.

4. ಆಕಾಶವನ್ನು ಕಣ್ಣಿಂದ ಪರೀಕ್ಷಿಸಿ

ಕತ್ತಲಿಗೆ ಕಣ್ಣು ಒಗ್ಗಲು 20–30 ನಿಮಿಷ ಬೇಕು. ಆಮೇಲೆ ಕೃತ್ತಿಕೆಯ ಚಿಕ್ಕಿಗಳನ್ನು ಎಣಿಸಿ. ಆರು ಸ್ಪಷ್ಟವಾಗಿ ಕಂಡರೆ ಕ್ಯಾಮೆರಾ ಹೊರಗೆ ತೆಗೆಯಿರಿ. ನಾಲ್ಕಕ್ಕೇ ನಿಂತರೆ ತೆಳುಮೋಡವೋ ಹೊಗೆಯೋ ಇದೆ. ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ಮೊಬೈಲ್ ಕಿಸೆಯಲ್ಲಿಡಿ.

5. ಟ್ರೈಪಾಡಿಗೆ ಗಟ್ಟಿ ನೆಲ ಕೊಡಿ

ಎರಿ ಮಣ್ಣು ಹಸಿ ಇದ್ದರೆ ಕಾಲು ಇಳಿಯುತ್ತದೆ, ಒಣಗಿದ್ದರೆ ಹೆಂಟೆ ಉರುಳುತ್ತದೆ. ಮೂರು ಕಾಲಿನಡಿ ಮೂರು ಚಪ್ಪಟೆ ಕಲ್ಲು ಇಡಿ. ನಡುಗಂಬ ಎತ್ತಬೇಡಿ, ಅದಕ್ಕೆ ಕಲ್ಲು ತುಂಬಿದ ಚೀಲ ತೂಗುಹಾಕಿ.

6. ಫೋಕಸ್‌ಗೆ ಅವಸರ ಬೇಡ

ಹೊಸಬರ ಚಿತ್ರ ಹೆಚ್ಚಾಗಿ ಕೆಡುವುದು ಇಲ್ಲೇ. ಆಟೊಫೋಕಸ್ ಕತ್ತಲಲ್ಲಿ ಕೆಲಸ ಮಾಡದು, ಅದನ್ನು ಬಂದ್ ಮಾಡಿ. ಲೆನ್ಸಿನ ಕಂಪನ ತಡೆಯುವ ವ್ಯವಸ್ಥೆಯನ್ನೂ ಬಂದ್ ಮಾಡಿ. ಲೆನ್ಸನ್ನು ಲುಬ್ಧಕನ ಕಡೆ ತಿರುಗಿಸಿ. ರಾತ್ರಿಯ ಆಕಾಶದ ನಕ್ಷತ್ರಗಳಲ್ಲೆಲ್ಲ ಅತಿ ಪ್ರಕಾಶಮಾನವಾದದ್ದು ಅದು, ಮಹಾವ್ಯಾಧನ ನಡುಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ಸಿಗುತ್ತದೆ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ಚಿಕ್ಕಿ ಚಿಕ್ಕದಾಗುತ್ತ ಬಂದು ಮತ್ತೆ ದೊಡ್ಡದಾಗಲು ಶುರುವಾದರೆ ಒಂದಿಷ್ಟು ಹಿಂದಕ್ಕೆ ಬನ್ನಿ. ಅಲ್ಲಿಗೆ ಉಂಗುರಕ್ಕೆ ಟೇಪ್ ಹಚ್ಚಿಬಿಡಿ. ಲೆನ್ಸಿನ ಮೇಲಿನ ಅನಂತ ಚಿಹ್ನೆಯನ್ನು ನಂಬಬೇಡಿ, ಎಷ್ಟೋ ಲೆನ್ಸ್‌ಗಳಲ್ಲಿ ನಿಜವಾದ ಬಿಂದು ಅದರ ಆಚೀಚೆ ಇರುತ್ತದೆ. ರಾತ್ರಿ ತಣ್ಣಗಾದಂತೆ ಫೋಕಸ್ ಸರಿಯುವುದುಂಟು. ಅರ್ಧ ತಾಸಿಗೊಮ್ಮೆ ಒಂದು ಚಿತ್ರವನ್ನು ಹಿಗ್ಗಿಸಿ ನೋಡಿ.

7. ಎಷ್ಟು ಸೆಕೆಂಡ್?

ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಸಾಮಾನ್ಯ 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿದರೆ ಒಂದು ಪಿಕ್ಸೆಲ್ ಸುಮಾರು 16 ಆರ್ಕ್‌ಸೆಕೆಂಡ್ ಆಕಾಶವನ್ನು ನೋಡುತ್ತದೆ. ಅಂದರೆ ಸೆಕೆಂಡಿಗೆ ಒಂದು ಪಿಕ್ಸೆಲ್ ಜಾರಾಟ. ನಾಲ್ಕು ಸೆಕೆಂಡ್ ತೆರೆದರೆ ಚಿಕ್ಕಿ ನಾಲ್ಕು ಪಿಕ್ಸೆಲ್ ಉದ್ದವಾಗುತ್ತದೆ, ಅಷ್ಟು ನಡೆಯುತ್ತದೆ. ಇಪ್ಪತ್ತು ಸೆಕೆಂಡ್ ತೆರೆದರೆ ಚಿಕ್ಕಿಗಳೆಲ್ಲ ಗೆರೆ. ಉಳಿದದ್ದು: ರಾ ಫೈಲ್, ಐಎಸ್‌ಒ 1600, ಎಫ್ 2.8, ವೈಟ್ ಬ್ಯಾಲೆನ್ಸ್ ಹಗಲಿನದು, ಕ್ಯಾಮೆರಾದೊಳಗಿನ ನಾಯ್ಸ್ ಕಡಿತ ಬಂದ್. ಲೆನ್ಸ್ ಎಫ್ 1.8ರ ತನಕ ತೆರೆಯುವುದಾದರೂ ಪೂರ್ತಿ ತೆರೆದರೆ ಮೂಲೆಯ ಚಿಕ್ಕಿಗಳಿಗೆ ರೆಕ್ಕೆ ಬರುತ್ತವೆ. ಗುಂಡಿಯನ್ನು ಕೈಯಿಂದ ಒತ್ತದೆ ಇಂಟರ್‌ವಲೋಮೀಟರ್ ಬಳಸಿ. ಅನೇಕ ಕ್ಯಾಮೆರಾಗಳಲ್ಲಿ ಅದು ಒಳಗೇ ಇದೆ.

8. ಐವತ್ತೊಂದು ನಿಮಿಷದ ಬೆಳಕು ಕೂಡಿಸಿ

ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ತೆಗೆದವರು ಅಮೆರಿಕದ ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30ರ ರಾತ್ರಿ 11 ಇಂಚಿನ ದೂರದರ್ಶಕಕ್ಕೆ ಗಾಜಿನ ಪ್ಲೇಟ್ ಕಟ್ಟಿ 51 ನಿಮಿಷ ತೆರೆದಿಟ್ಟರು. ಅವರ ಗುರಿಯೂ ಇದೇ ಎಂ 42. ವೃತ್ತಿಯಿಂದ ವೈದ್ಯರಾಗಿದ್ದ ಅವರು ನಕ್ಷತ್ರ ನೋಡುತ್ತಿದ್ದದ್ದು ಸ್ವಂತ ವೀಕ್ಷಣಾಲಯದಿಂದ. ಮೂರು ವರ್ಷದ ಬಳಿಕ ಇಂಗ್ಲೆಂಡಿನ ಇನ್ನೊಬ್ಬ ಹವ್ಯಾಸಿ ಆಂಡ್ರ್ಯೂ ಕಾಮನ್ 36 ಇಂಚಿನ ಕನ್ನಡಿಯಿಂದ ಅದನ್ನೇ ತೆಗೆದಾಗ, ಕಣ್ಣಿಗೆ ದೂರದರ್ಶಕದಲ್ಲೂ ಕಾಣದ ನಕ್ಷತ್ರಗಳು ಪ್ಲೇಟಿನಲ್ಲಿ ಮೂಡಿದ್ದವು. ಖಗೋಳ ವಿಜ್ಞಾನದ ದಾರಿಯನ್ನೇ ತಿರುಗಿಸಿದ ಆ ಚಿತ್ರಗಳು ಹವ್ಯಾಸಿಗಳ ಕೈಯಿಂದ ಬಂದವು ಎಂಬುದನ್ನು ಹಳ್ಳಿಯ ಶಾಲೆಗಳಲ್ಲಿ ಹೇಳಬೇಕು.

ನಿಮ್ಮ ಮೊದಲ ಗುರಿ ಡ್ರೇಪರ್ ಕೂಡಿಸಿದಷ್ಟು ಹೊತ್ತಿನ ಬೆಳಕು. ನಾಲ್ಕು ಸೆಕೆಂಡಿನ 765 ಚಿತ್ರ ತೆಗೆದರೆ ಸರಿಯಾಗಿ 51 ನಿಮಿಷ. ನಡುವಿನ ಬಿಡುವು ಸೇರಿ ತಾಸಿನ ಮೇಲೆ ಹಿಡಿಯುತ್ತದೆ. ಒಂದೇ ರಾತ್ರಿ ಆಗದಿದ್ದರೆ ಎರಡು ರಾತ್ರಿಗೆ ಹಂಚಿ. ಫೈಲುಗಳನ್ನು ಆಮೇಲೆ ಕೂಡಿಸಬಹುದು. ಟ್ರೈಪಾಡ್ ಅಲ್ಲಾಡದೆ ನಿಂತಿದ್ದರೂ ಆಕಾಶ 20 ನಿಮಿಷಕ್ಕೆ ಐದು ಡಿಗ್ರಿ ಸರಿಯುತ್ತದೆ. ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ನೀಹಾರಿಕೆಯನ್ನು ಮತ್ತೆ ನಡುವಿಗೆ ತನ್ನಿ. ರಾ ಫೈಲ್ 25 ಎಂಬಿ ಎಂದು ಹಿಡಿದರೆ ಒಟ್ಟು 19 ಜಿಬಿ, 32 ಜಿಬಿ ಕಾರ್ಡ್ ಬೇಕು.

ಇಷ್ಟು ಚಿತ್ರ ಯಾಕೆ? ನೀಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ, ನಾಯ್ಸ್ ಮಾತ್ರ ಒಂದೊಂದರಲ್ಲಿ ಒಂದೊಂದು ಥರ ಚೆದುರುತ್ತದೆ. ನೂರು ಚಿತ್ರಗಳ ಸರಾಸರಿಯಲ್ಲಿ ಆ ಚೆದುರಾಟ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ನಾನೂರರಲ್ಲಿ ಇಪ್ಪತ್ತರಲ್ಲಿ ಒಂದಕ್ಕೆ. ವರ್ಗಮೂಲದ ಲೆಕ್ಕ ಇದು. ಮೊದಲ ನೂರು ಚಿತ್ರ ಕೊಡುವ ಲಾಭವನ್ನು ಮುಂದಿನ ನೂರು ಕೊಡುವುದಿಲ್ಲ. ಆದರೆ ಮಂದವಾದ ಅಂಚುಗಳು ಮೇಲೇಳುವುದು ಆ ಮುಂದಿನ ನೂರುಗಳಲ್ಲೇ.

9. ಬಡಿಗರ ಹತ್ತಿರ ಹೋಗಿ

ಆಕಾಶದ ಜೊತೆ ಕ್ಯಾಮೆರಾವನ್ನೂ ತಿರುಗಿಸುವ ಟ್ರ್ಯಾಕರ್ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಮಾತ್ರ ಹಳೆಯ ಕ್ಯಾಮೆರಾಕ್ಕೂ ಹೆಚ್ಚು. ಊರಿನ ಬಡಿಗರು ಇದನ್ನು ಎರಡು ಹಲಗೆಯಲ್ಲಿ ಮಾಡಿಕೊಡಬಲ್ಲರು. ಸ್ಕಾಟ್ಲೆಂಡಿನ ಜಾರ್ಜ್ ಹೇಗ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಉಪಾಯ ಇದು. ಜಗತ್ತಿನಾದ್ಯಂತ ಹವ್ಯಾಸಿಗಳು ಇಂದಿಗೂ ಮಾಡಿಕೊಳ್ಳುತ್ತಾರೆ.

ಒಂದಡಿ ಉದ್ದದ ಎರಡು ಗಟ್ಟಿ ಹಲಗೆ ತೆಗೆದುಕೊಂಡು ಒಂದು ಅಂಚಿಗೆ ಸಡಿಲವಿಲ್ಲದ ಬಿಜಾಗರಿ ಹಾಕಿ ಪುಸ್ತಕದ ರಟ್ಟಿನಂತೆ ಜೋಡಿಸಬೇಕು. ಬಿಜಾಗರಿಯ ಕಡ್ಡಿಯ ನಡುವಿನಿಂದ ಸರಿಯಾಗಿ 229 ಮಿಲಿಮೀಟರ್ ದೂರದಲ್ಲಿ ಕೆಳಹಲಗೆಗೆ ತೂತು ಕೊರೆದು ನಟ್ಟು ಕೂರಿಸಿ, 6 ಮಿಲಿಮೀಟರ್ ದಪ್ಪದ ಬೋಲ್ಟು ಹಾಯಿಸಬೇಕು. ಸಾಮಾನ್ಯ ಎಂ6 ಬೋಲ್ಟು ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುತ್ತದೆ. ಅದನ್ನು ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ಬೋಲ್ಟಿನ ತಲೆಗೆ ದುಂಡು ಮುಚ್ಚಳ ಅಂಟಿಸಿ ಗಡಿಯಾರದಂತೆ ಗುರುತು ಹಾಕಿಕೊಂಡರೆ, ಕೈಗಡಿಯಾರದ ಸೆಕೆಂಡ್ ಮುಳ್ಳನ್ನು ನೋಡುತ್ತ ಕೈಯಿಂದಲೇ ತಿರುಗಿಸಬಹುದು. ಕ್ಯಾಮೆರಾವನ್ನು ಮೇಲಿನ ಹಲಗೆಗೆ ಬಾಲ್ ಹೆಡ್ ಮೂಲಕ ಕೂರಿಸಿ.

ಬಿಜಾಗರಿಯ ಕಡ್ಡಿ ಧ್ರುವ ನಕ್ಷತ್ರದ ಕಡೆ ನೋಡುತ್ತಿರಬೇಕು. ನಮ್ಮಲ್ಲಿ ಅದು ಬಲು ಕೆಳಗೆ, 16 ಡಿಗ್ರಿಯಷ್ಟೇ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಉತ್ತರ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಹುಡುಕಿ. ಉತ್ತರಕ್ಕೆ ಮುಖ ಮಾಡಿ ನಿಂತಾಗ ಬಿಜಾಗರಿ ನಿಮ್ಮ ಎಡಕ್ಕಿರಲಿ, ತೆರೆಯುವ ಬಾಯಿ ಬಲಕ್ಕೆ. 50 ಎಂಎಂ ಲೆನ್ಸಿಗೆ ಈ ಸಾಧನ 30 ಸೆಕೆಂಡಿನಿಂದ ಒಂದು ನಿಮಿಷದ ತನಕ ಚಿಕ್ಕಿಯನ್ನು ಗುಂಡಗೆ ಹಿಡಿಯುತ್ತದೆ. ನಾಲ್ಕು ಸೆಕೆಂಡಿನಿಂದ ನಲವತ್ತಕ್ಕೆ ಹೋದ ಮೇಲೆ ಒಂದೇ ಫ್ರೇಮಿನಲ್ಲಿ ನೀಹಾರಿಕೆಯ ರೆಕ್ಕೆಗಳು ತೆರೆದಿರುವುದನ್ನು ನೋಡುತ್ತೀರಿ. ನಡುವಿನ ಭಾಗ ಮಾತ್ರ ಸುಟ್ಟು ಬಿಳಿಯಾಗಿರುತ್ತದೆ, ಅದಕ್ಕಾಗಿ ಎರಡು ಸೆಕೆಂಡಿನ ಐವತ್ತು ಚಿತ್ರ ಬೇರೆ ತೆಗೆದಿಟ್ಟುಕೊಳ್ಳಿ.

10. ಕಪ್ಪು ಚಿತ್ರ, ಬಿಳಿ ಚಿತ್ರ

ಮನೆಗೆ ಹೊರಡುವ ಮುಂಚೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ ಸೆಕೆಂಡಿನಲ್ಲಿ 30 ಚಿತ್ರ ತೆಗೆಯಿರಿ. ಸೆನ್ಸರಿನ ಸ್ವಂತ ದೋಷಗಳು ಇದರಲ್ಲಿ ದಾಖಲಾಗುತ್ತವೆ. ಇದನ್ನು ಡಾರ್ಕ್ ಎನ್ನುತ್ತಾರೆ. ಹೊಲದ ಚಳಿಯಲ್ಲೇ ತೆಗೆಯಬೇಕು, ಸೆನ್ಸರಿನ ನಾಯ್ಸ್ ಉಷ್ಣತೆಯ ಜೊತೆ ಬದಲಾಗುತ್ತದೆ. ನಸುಕು ಹರಿದಾಗ ಲೆನ್ಸಿನ ಬಾಯಿಗೆ ಬಿಳಿ ಧೋತರದ ತುಂಡು ಬಿಗಿದು, ಫೋಕಸ್ ಅಲುಗಿಸದೆ, ಬೆಳಗಿನ ಆಕಾಶಕ್ಕೆ ಹಿಡಿದು ಇನ್ನು 30 ತೆಗೆಯಿರಿ. ಇದು ಫ್ಲ್ಯಾಟ್, ಲೆನ್ಸಿನ ಮೂಲೆಗಳ ಕಪ್ಪು ಮತ್ತು ಸೆನ್ಸರಿನ ಧೂಳಿನ ಕಲೆ ಇದರಿಂದ ಹೋಗುತ್ತವೆ. ನಮ್ಮ ಕಡೆ ಧೂಳಿಗೆ ಬರವಿಲ್ಲ, ಫ್ಲ್ಯಾಟ್ ಬಿಡಬೇಡಿ.

11. ಇಬ್ಬನಿ ಮತ್ತು ಬ್ಯಾಟರಿ

ಕಡಲೆ ಹೊಲ ತೊಯ್ಯುವ ಹೊತ್ತಿಗೆ ಲೆನ್ಸೂ ತೊಯ್ಯುತ್ತದೆ. ಹುಡ್ ಹಾಕಿ, ಪವರ್ ಬ್ಯಾಂಕಿನಿಂದ ನಡೆಯುವ ಯುಎಸ್‌ಬಿ ಬಿಸಿಪಟ್ಟಿ ಸಿಕ್ಕರೆ ಲೆನ್ಸಿಗೆ ಸುತ್ತಿ. ಮಂಜಾದ ಗಾಜನ್ನು ಒರೆಸಬೇಡಿ. ಎರಡನೆಯ ಬ್ಯಾಟರಿ ಅಂಗಿಯ ಒಳಕಿಸೆಯಲ್ಲಿ ಬೆಚ್ಚಗಿರಲಿ.

12. ಪೇರಿಸುವ ಕೆಲಸ ಕಂಪ್ಯೂಟರಿಗೆ ಬಿಡಿ

ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುವ ತಂತ್ರಾಂಶಗಳಿವೆ. ಸೀಕ್ವೇಟರ್, ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಮೂರೂ ಉಚಿತ. ಹಳೆಯ ಲ್ಯಾಪ್‌ಟಾಪಿಗೆ ಸೀಕ್ವೇಟರ್ ಹಗುರ. ಕಲಿಯುವ ಮನಸ್ಸಿದ್ದರೆ ಸಿರಿಲ್ ಒಳ್ಳೆಯದು. ಮೊದಲು ಎಲ್ಲ ಚಿತ್ರಗಳನ್ನೂ ಒಂದೊಂದಾಗಿ ನೋಡಿ, ಅಲುಗಿದ್ದು, ಮೋಡ ಹಾಯ್ದದ್ದು, ಯಾರದೋ ಟಾರ್ಚ್ ಬಡಿದದ್ದನ್ನು ತೆಗೆದುಹಾಕಿ. ಬೇಸರದ ಕೆಲಸ, ಆದರೂ ಬಿಡಬೇಡಿ. ವಿಮಾನ, ಉಪಗ್ರಹದ ಗೆರೆ ಇರುವ ಚಿತ್ರಗಳನ್ನು ಉಳಿಸಿಕೊಳ್ಳಬಹುದು. ಪೇರಿಸುವಾಗ ಸಿಗ್ಮಾ ಕ್ಲಿಪಿಂಗ್ ಎಂಬ ವಿಧಾನ ಆರಿಸಿದರೆ, ಉಳಿದೆಲ್ಲ ಚಿತ್ರಗಳಲ್ಲಿ ಇಲ್ಲದ ಆ ಬೆಳಕನ್ನು ತಂತ್ರಾಂಶವೇ ಬಿಟ್ಟುಬಿಡುತ್ತದೆ.

ಏಳುನೂರು ಫೈಲನ್ನು ಒಮ್ಮೆಗೇ ಕೊಟ್ಟರೆ ಹಾರ್ಡ್ ಡಿಸ್ಕ್ ತುಂಬಿ ಕೆಲಸ ನಿಲ್ಲುತ್ತದೆ, ಸಿರಿಲ್‌ಗೆ ನೂರಾರು ಜಿಬಿ ಖಾಲಿ ಜಾಗ ಬೇಕಾದೀತು. ನೂರೈವತ್ತರ ಗುಂಪು ಮಾಡಿ ಪೇರಿಸಿ, ಬಂದ ಐದು ಫಲಿತಾಂಶಗಳನ್ನು ಮತ್ತೆ ಪೇರಿಸಿ. ಕೊನೆಯ ಫೈಲನ್ನು 16 ಅಥವಾ 32 ಬಿಟ್ ಟಿಫ್ ಅಥವಾ ಫಿಟ್ಸ್ ರೂಪದಲ್ಲಿ ಉಳಿಸಿ. ಜೆಪೆಗ್ ಮಾಡುವುದು ಎಲ್ಲ ಮುಗಿದ ಮೇಲೆ.

13. ಕಪ್ಪಗೆ ಕಂಡರೆ ಹೆದರಬೇಡಿ, ಕಪ್ಪನ್ನು ಕೊಲ್ಲಬೇಡಿ

ಪೇರಿಸಿದ ಚಿತ್ರ ತೆರೆದರೆ ನಾಲ್ಕಾರು ಚಿಕ್ಕಿ ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪು. ಮಾಹಿತಿಯೆಲ್ಲ ಹಿಸ್ಟೋಗ್ರಾಮಿನ ಎಡತುದಿಯಲ್ಲಿ ಒತ್ತಿಕೊಂಡಿರುತ್ತದೆ. ಅದನ್ನು ಬಲಕ್ಕೆ ಹಿಗ್ಗಿಸುವುದೇ ಸ್ಟ್ರೆಚ್. ಅದಕ್ಕೂ ಮುಂಚೆ ಹಿನ್ನೆಲೆಯ ಏರಿಳಿತ ತೆಗೆಯಬೇಕು. ಊರ ಬೆಳಕಿನಿಂದ ಚಿತ್ರದ ಒಂದು ಬದಿ ಕೆಂಚಗೆ, ಇನ್ನೊಂದು ಬದಿ ಕಪ್ಪಗೆ ಇರುತ್ತದೆ. ಸಿರಿಲ್‌ನಲ್ಲಿ ಹಿನ್ನೆಲೆ ತೆಗೆಯುವ ಸಾಧನವಿದೆ, ಗ್ರಾಎಕ್ಸ್‌ಪರ್ಟ್ ಎಂಬ ಉಚಿತ ತಂತ್ರಾಂಶವೂ ಇದೆ. ಹಿನ್ನೆಲೆ ಯಾವುದೆಂದು ತೋರಿಸಲು ಇಡುವ ಮಾದರಿ ಬಿಂದುಗಳನ್ನು ನೀಹಾರಿಕೆಯ ಮೇಲೆ ಇಡಬಾರದು, ಇಟ್ಟರೆ ತಂತ್ರಾಂಶ ಅದನ್ನೂ ಕಳೆದುಬಿಡುತ್ತದೆ.

ಸ್ಟ್ರೆಚ್ ಒಂದೇ ಏಟಿಗೆ ಬೇಡ. ಸ್ವಲ್ಪ ಹಿಗ್ಗಿಸಿ, ನೋಡಿ, ಮತ್ತೆ ಸ್ವಲ್ಪ. ಹಿನ್ನೆಲೆಯನ್ನು ಹೊಳೆಯುವ ಕಪ್ಪು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ತಡೆಯಿರಿ, ನೀಹಾರಿಕೆಯ ಅತಿ ಮಂದವಾದ ಅಂಚು ಆ ಕಪ್ಪಿನ ಪಕ್ಕದಲ್ಲೇ ಇದೆ. ಇಸ್ರೊ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೊಸ್ಯಾಟ್‌ನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಕಟ್ಟಿದ ಅತಿನೇರಳೆ ದೂರದರ್ಶಕವಿದೆ. ಅದರಿಂದ ಚಿಟ್ಟೆ ನೀಹಾರಿಕೆಯನ್ನು ನೋಡಿದಾಗ, ಕಣ್ಣಿಗೆ ಕಾಣುವ ರೆಕ್ಕೆಗಳಿಂದ ಎಷ್ಟೋ ಆಚೆಗೆ ಹರಡಿದ ಮಂದ ಅನಿಲ ಪತ್ತೆಯಾಯಿತು. ನೀಹಾರಿಕೆ ಎಲ್ಲಿ ಮುಗಿಯುತ್ತದೆ ಎಂಬುದು ಹಿನ್ನೆಲೆಯನ್ನು ನೀವು ಎಷ್ಟು ಜೋಪಾನ ಮಾಡುತ್ತೀರಿ ಎಂಬುದರ ಮೇಲಿದೆ.

14. ಬಣ್ಣಕ್ಕೆ ಎರಡು ಸಾಕ್ಷಿಗಳು

ಬಣ್ಣ ಸರಿಯಿದೆಯೋ ಇಲ್ಲವೋ ತಿಳಿಯಲು ನೀಹಾರಿಕೆಯನ್ನು ನೋಡಬೇಡಿ. ಮಹಾವ್ಯಾಧನ ಭುಜದ ಆರಿದ್ರಾ ಕಿತ್ತಳೆಗೆಂಪು, ಕಾಲಿನ ರೈಜೆಲ್ ನೀಲಿಬಿಳಿ. ಹೊಲದಲ್ಲಿ ಬರಿಗಣ್ಣಿಗೂ ಈ ವ್ಯತ್ಯಾಸ ಕಾಣುತ್ತದೆ. ಚಿತ್ರದಲ್ಲಿ ಎರಡೂ ಬಿಳಿಯಾಗಿದ್ದರೆ ಸ್ಟ್ರೆಚ್ ಹೆಚ್ಚಾಗಿದೆ. ಎರಡೂ ಕೆಂಪಾಗಿದ್ದರೆ ಅಥವಾ ಎರಡೂ ನೀಲಿಯಾಗಿದ್ದರೆ ಬಣ್ಣದ ತೂಕ ತಪ್ಪಿದೆ. ಹಸಿರು ಛಾಯೆ ಇದ್ದರೆ ತೆಗೆಯಿರಿ.

ಎಂ 42 ನಿಮ್ಮ ಚಿತ್ರದಲ್ಲಿ ಗುಲಾಬಿಯೋ ನೇರಳೆಯೋ ಆಗಿ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನೀಹಾರಿಕೆಯ ನಡುವಿನ ಬಿಸಿ ಎಳೆಯ ನಕ್ಷತ್ರಗಳ ಅತಿನೇರಳೆ ಬೆಳಕು ಸುತ್ತಲಿನ ಜಲಜನಕವನ್ನು ಹೊಳೆಯಿಸುತ್ತದೆ, ಅದರ ಮುಖ್ಯ ಕೆಂಪು 656.3 ನ್ಯಾನೊಮೀಟರಿನದು. ಮನುಷ್ಯರ ಮುಖದ ಬಣ್ಣ ಸಹಜವಾಗಿ ಬರಲೆಂದು ಕ್ಯಾಮೆರಾ ತಯಾರಕರು ಸೆನ್ಸರಿನ ಮುಂದೆ ಇಡುವ ಫಿಲ್ಟರ್ ಆ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಫಿಲ್ಟರ್ ತೆಗೆಸುವುದು ಮುಂದಿನ ಮಾತು. ಮದುವೆ ಫೋಟೊ ತೆಗೆಯುವ ಕ್ಯಾಮೆರಾಕ್ಕೆ ಆ ಶಸ್ತ್ರಕ್ರಿಯೆ ಮಾಡಿಸಬೇಡಿ.

15. ಇಲ್ಲದ್ದನ್ನು ಬರೆಯಬೇಡಿ

ಈ ಸೂತ್ರವನ್ನು ಮಾತ್ರ ಖಂಡಿತವಾಗಿ ಪಾಲಿಸಿ. ಮಸುಕಾದ ಚಿತ್ರ ಕೊಟ್ಟರೆ ಕ್ಷಣದಲ್ಲಿ ಎಳೆ ಎಳೆಯಾದ ನೀಹಾರಿಕೆ ಮಾಡಿಕೊಡುವ ಮೊಬೈಲ್ ಆ್ಯಪ್‌ಗಳು ಬಂದಿವೆ. ಆ ಎಳೆಗಳು ನಿಮ್ಮ ಸೆನ್ಸರಿಗೆ ಬಂದ ಬೆಳಕಲ್ಲ, ಬೇರೆ ಯಾರದೋ ಚಿತ್ರಗಳಿಂದ ಕಲಿತ ಊಹೆ. 50 ಎಂಎಂ ಲೆನ್ಸಿನಲ್ಲಿ ಎಂ 42 ಅಗಲಕ್ಕೆ ಇನ್ನೂರು ಪಿಕ್ಸೆಲ್ ಚಿಲ್ಲರೆ. ಅಷ್ಟರಲ್ಲಿ ಬಂದದ್ದನ್ನು ಗೌರವದಿಂದ ಇಟ್ಟುಕೊಳ್ಳಿ. ಹಿಗ್ಗಿಸುವುದು, ಕಳೆಯುವುದು, ಬಣ್ಣದ ತೂಕ ಸರಿಮಾಡುವುದು ಇದ್ದುದನ್ನು ಕಾಣಿಸುವ ಕೆಲಸ. ಚಿತ್ರದ ಜೊತೆ ಊರು, ದಿನ, ತಿಥಿ, ಲೆನ್ಸ್, ಎಷ್ಟು ಸೆಕೆಂಡಿನ ಎಷ್ಟು ಚಿತ್ರ, ಯಾವ ತಂತ್ರಾಂಶ ಎಂದು ಬರೆಯಿರಿ. ಹಾಗೆ ಬರೆದರೆ ಪಕ್ಕದ ಮೆಣಸಗಿಯಲ್ಲೋ ಹೊಳೆಆಲೂರಿನಲ್ಲೋ ಇನ್ನೊಬ್ಬರು ಅದನ್ನೇ ತೆಗೆದು ಹೋಲಿಸಬಹುದು. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಮಂದ ಭಾಗಗಳು ಚೌಕ ಚೌಕವಾಗಿ ಒಡೆಯುತ್ತವೆ.

16. ಮೋಡದ ತಿಂಗಳು ಲ್ಯಾಪ್‌ಟಾಪಿಗೆ

ಜೂನ್‌ನಿಂದ ಅಕ್ಟೋಬರ್ ತನಕ ಆಕಾಶವನ್ನು ನೆಚ್ಚುವಂತಿಲ್ಲ. ಆಗ ಹಳೆಯ ಫೈಲುಗಳನ್ನೇ ಮತ್ತೆ ಸಂಸ್ಕರಿಸಿ, ಮೊದಲ ಸಲ ಕಾಣದ್ದು ಕಾಣುತ್ತದೆ. ಹಬಲ್‌ನ ಕಚ್ಚಾ ಚಿತ್ರಗಳು ಎಲ್ಲರಿಗೂ ಉಚಿತ. ಆಸ್ಟ್ರೊಸ್ಯಾಟ್‌ನ ದತ್ತಾಂಶವೂ ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ಇಸ್ರೊ ಕೇಂದ್ರದಿಂದ ಸಾರ್ವಜನಿಕರಿಗೆ ಸಿಗುತ್ತದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಖಗೋಳಜ್ಞರು ನಡೆಸುವುದು ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೂಲಕ. ಅವರೂ ಡಾರ್ಕ್, ಫ್ಲ್ಯಾಟ್‌ಗಳನ್ನೇ ಕಳೆಯುತ್ತಾರೆ, ಭಾಗಿಸುತ್ತಾರೆ. ನೀವು ಧೋತರ ಬಿಗಿದು ಕಲಿತ ವಿದ್ಯೆ ಅದೇ. ಆಕಾಶವನ್ನು ಕನ್ನಡದಲ್ಲಿ ಓದಿ ತಿಳಿಯುವ ಆಸೆಯಿದ್ದರೆ ಡಾ. ಬಿ.ಎಸ್. ಶೈಲಜಾ ಅವರ ಬರಹಗಳನ್ನು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಸಂಚಿಕೆಗಳನ್ನು ಹುಡುಕಿ.

17. ಎರಡನೆಯ ಗುರಿ ದಕ್ಷಿಣಕ್ಕಿದೆ

ಎಂ 42 ಕೈಗೆ ಬಂದ ಮೇಲೆ ಏಪ್ರಿಲ್ ನಡುವಿನ ಬೆಳಗಿನ ಜಾವ ನಾಲ್ಕೂವರೆ ಐದರ ಹೊತ್ತಿಗೆ ಧನು ರಾಶಿಯ ಲಗೂನ್ ನೀಹಾರಿಕೆ 50 ಡಿಗ್ರಿ ಎತ್ತರದಲ್ಲಿರುತ್ತದೆ, ಅದನ್ನು ಹಿಡಿಯಿರಿ. ಆದರೆ ನನ್ನ ಮನಸ್ಸು ಇನ್ನೊಂದರ ಮೇಲಿದೆ. ದಕ್ಷಿಣದ ಕರೀನಾ ನೀಹಾರಿಕೆ ಓರಿಯನ್ನಿಗಿಂತ ಹರವಾದದ್ದು. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ, ದೆಹಲಿಯಲ್ಲಿ ದಿಗಂತವನ್ನು ಸವರಿ ಹೋಗುತ್ತದೆ. ನಮ್ಮಲ್ಲಿ ಹದಿನಾಲ್ಕು ಡಿಗ್ರಿಗೂ ಮೇಲೆ ಏರುತ್ತದೆ. ಏಪ್ರಿಲ್ ಮೊದಲ ವಾರ ಅಮಾವಾಸ್ಯೆಯ ಆಸುಪಾಸು ಬಿದ್ದರೆ, ರಾತ್ರಿ ಹತ್ತೂವರೆಗೆ ದಕ್ಷಿಣಕ್ಕೆ ಮುಖ ಮಾಡಿ ಒಂದೂವರೆ ಮುಷ್ಟಿ ಎತ್ತರದಲ್ಲಿ ನೋಡಿ. ಹೊಳೆಮಣ್ಣೂರಿನಿಂದ ಗದಗದ ಬೆಳಕು ಅದೇ ದಿಕ್ಕಿಗೆ ಬರುತ್ತದೆ. ಗಜೇಂದ್ರಗಡದ ಕಡೆ ಸರಿದರೆ ಅದು ನೈಋತ್ಯಕ್ಕೆ ಹೋಗಿ ದಕ್ಷಿಣ ತೆರವಾಗುತ್ತದೆ. ಆ ಭಾಗದ ಆಕಾಶ ದಕ್ಷಿಣ ಧ್ರುವಕ್ಕೆ ಹತ್ತಿರ, ಚಿಕ್ಕಿಗಳು ಎಂ 42ರ ಅರ್ಧ ವೇಗದಲ್ಲಷ್ಟೇ ಸರಿಯುತ್ತವೆ. ಹಾಗಾಗಿ ಅದೇ 50 ಎಂಎಂ ಲೆನ್ಸಿನಲ್ಲಿ, ಬರೀ ಟ್ರೈಪಾಡಿನ ಮೇಲೆ, ನಾಲ್ಕರ ಬದಲು ಎಂಟು ಸೆಕೆಂಡ್ ತೆರೆದಿಡಬಹುದು.